ಗಾಳಿ ಹೊರಲಾರದ ಚಿಪ್ಪು

ಸೇವಂತಿ ಪ್ಲಾಸ್ಟಿಕ್ ಚೀಲದಿಂದ ಗಂಡನ ಅಂಗಿಯನ್ನು ತೆಗೆದು ನನ್ನ ಊಟದ ಮೇಜಿನ ಮೇಲೆ ಹರವಿದಳು. ಜೇಬಿನಿಂದ ಒಂದಿಷ್ಟು ಮರಳು ಉದುರಿತು.

"ಒಗದಿಲ್ರಿ ಟೀಚರ್," ಎಂದಳು. "ಒಗದ್ರ ಅವರು ಹೋದದ್ದು ಖರೇ ಆಗತೈತಿ ಅನಸ್ತು."

ನಾನು ಚಪಾತಿ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತಿದ್ದೆ. ಶಿವಕುಮಾರಿ ಟೀಚರ್ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ ಆ ಮರಳಿನ ಮೇಲೆ ಬಾಗಿದರು. ಬೆರಳ ತುದಿಯಿಂದ ಹರಡಿ, ಏನನ್ನೋ ಆರಿಸಿ ಬಸಿಯ ಅಂಚಿಗೆ ಇಟ್ಟರು. ಒಡೆದ ಚಿಪ್ಪಿನ ಚೂರುಗಳು.

ಟೀಚರ್ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನವರು. ಘಾಟ್ಕೋಪರಿನ ಒಂದು ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬೆಳಗಿನ ಎರಡನೇ ಚಹಾ ನಮ್ಮ ಮನೆಯಲ್ಲೇ ಆಗಬೇಕು. ವಾಚ್‌ಮನ್ ತಲೆಗೆ ಕಟ್ಟಿದ್ದ ಕಳ್ಳತನವನ್ನು ಸೊಸೈಟಿ ಚೇರ್ಮನ್ನರ ಅಳಿಯನ ಕಾರಿನ ಡಿಕ್ಕಿಯಿಂದ ಹೊರತೆಗೆದ ಮೇಲೆ ಅವರನ್ನು ಹುಡುಕಿಕೊಂಡು ಬರುವವರು ಹೆಚ್ಚಿದ್ದರು. ಚೇರ್ಮನ್ನರು ಮಾತ್ರ ಲಿಫ್ಟಿನಲ್ಲಿ ಅವರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಸೇವಂತಿ ಆ ಶಾಲೆಯಲ್ಲಿ ಟೀಚರ್ ಕೈಕೆಳಗೆ ಕಲಿತವಳು.

"ಮೊದಲಿಂದ ಹೇಳವ್ವಾ," ಎಂದರು ಟೀಚರ್, ನನ್ನ ಕಡೆ ಕೈ ತೋರಿಸಿ. "ವಂದನಾಗ ನಿಮ್ಮ ಊರು ಗೊತ್ತಿಲ್ಲ."

ಊರೆಂದರೆ ಕೇವಡೆಪಾಡಾ. ಮಲಾಡಿನಾಚೆ ಖಾಡಿಯ ಹಿನ್ನೀರನ್ನು ದೋಣಿಯಲ್ಲಿ ದಾಟಿದರೆ ಸಿಗುವ ದಂಡೆ. ಸಮುದ್ರಕ್ಕೂ ಊರಿಗೂ ನಡುವೆ ಉದ್ದಕ್ಕೆ ಮಲಗಿರುವ ಮರಳುದಿಬ್ಬ. ಅದರ ಬೆನ್ನಿಗೆ ತಗಡಿನ ಖೋಲಿಗಳ ಒಂದು ಸಾಲು. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿ ಬಾಡಿಗೆಗೆ ಇದ್ದರು. ಈಚಿನ ವರ್ಷಗಳಲ್ಲಿ ಆ ದಿಬ್ಬ ಊರಿನ ಕಡೆ ನಡೆಯತೊಡಗಿತ್ತು. ಮೊದಲು ಬಾವಿ ಹೋಯಿತು. ಆಮೇಲೆ ಮೀನುಗಾರರು ಮೀನು ಒಣಗಿಸುವ ಅಂಗಳ. ಕಳೆದ ಬೇಸಿಗೆಯಲ್ಲಿ ಸಾಲಿನ ತುದಿಯ ಖೋಲಿಯ ಹಿಂಗೋಡೆಗೆ ಮರಳು ಒರಗಿತು. ಅಲ್ಲಿದ್ದವರು ಬಿಟ್ಟುಹೋದರು.

"ಅನ್ನದಾಗ ಉಸುಕು, ಹಾಸಿಗ್ಯಾಗ ಉಸುಕು, ಕೂಸಿನ ಕಣ್ಣಾಗ ಉಸುಕು," ಎಂದಳು ಸೇವಂತಿ. "ಎಲ್ಲಾರೂ ಓಡಿಹೋಗೂಣು ಅಂದ್ರು. ನಮ್ಮ ಮನಿಯವರು ಒಬ್ಬರೇ ಒಲ್ಲೆ ಅಂದ್ರು. ಸಮುದ್ರದ ಮಗ್ಗಲಾಗ ಆಡಿನ ಗೊರಸಿನಂಥಾ ಎಲಿ ಇರೋ ಬಳ್ಳಿ ಬೆಳೀತೈತ್ರಿ, ಕೆನ್ನೀಲಿ ಹೂವಿನದು. ಅದನ್ನ ತಂದು ದಿಬ್ಬದ ತುಂಬ ನಾಟಿದ್ರು. ಹೆಣಮಕ್ಕಳನ್ನೆಲ್ಲಾ ಹಚ್ಚಿ ನೀರು ಹಾಕಿಸಿದ್ರು. ಮಂದಿ ನಗತಿದ್ರು, ಬಂಡೆಪ್ಪ ಉಸುಕಿಗೆ ಸೀರಿ ಉಡಸಾಕ ಹತ್ಯಾನ ಅಂತ."

"ಅವತ್ತ ಮುಂಜಾನಿ?"

"ಕತ್ತಲಾಗೇ ಎದ್ದು ಜಳಕ ಮಾಡಿ, ಲಿಂಗಪೂಜಿ ಮುಗಿಸಿ, ರೊಟ್ಟಿ ಪುಂಡಿಪಲ್ಲೆ ಉಂಡು ಹೊಂಟ್ರು. 'ನಾಟಾಕ ಬಳ್ಳಿ ತರತೀನಿ' ಅಂದ್ರು. ಮಧ್ಯಾಹ್ನ ಉಣ್ಣಾಕ ಬರಲಿಲ್ಲ. ಹುಡುಕಿದ್ವಿ. ಆ ತುದಿ ಖೋಲಿ ತುಂಬ ಉಸುಕು ಬಿದ್ದಿತ್ತು. ನಮ್ಮಣ್ಣ ಈರಣ್ಣನೇ ಅಗದ. ಅವನ ಉಗುರೆಲ್ಲಾ ಕಿತ್ತು ಹೋಗ್ಯಾವ್ರಿ." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಚಕ್ಕಳಮಕ್ಕಳ ಹಾಕಿ ಕುಂತಿದ್ರು. ಎಡಗೈಯಾಗ ಲಿಂಗ. ಹಣಿಮ್ಯಾಲೆ ಇಭೂತಿ. ಪೂಜಿಗೆ ಕುಂತಾಗ ಶಿವ ಕರಕೊಂಡ, ಪುಣ್ಯವಂತ ಅಂದ್ರು ಮಂದಿ."

"ಸಾಲಿನೊಳಗ ಲಿಂಗ ಕಟ್ಟಿದವರು ಯಾರ‍್ಯಾರು?"

"ನಮ್ಮನಿ, ನಮ್ಮಣ್ಣನ ಮನಿ. ಉಳಿದವರು ಬ್ಯಾರೆ ಬ್ಯಾರೆ ಮಂದಿ."

"ಮಣ್ಣು ಮಾಡುವಾಗ ಎಲ್ಲಾರೂ ಬಂದಿದ್ರು?"

"ಬಂದಿದ್ರು. ಅಣ್ಣ ಒಬ್ಬನೇ ಹಿಡಿಮಣ್ಣು ಹಾಕಲಿಲ್ಲ. ಕೈ ನಡಗತಾವು ಅಂತ ದೂರ ಹೋಗಿ ಕುಂತ. ಅವರಿಬ್ಬರೂ ಒಂದ ತಾಟಿನ್ಯಾಗ ಉಂಡವರು."

ಡಾಕ್ಟರು ಉಸಿರುಗಟ್ಟಿ ಸಾವು ಎಂದಿದ್ದರು. ದಿಬ್ಬ ಕುಸಿದು ಬಿದ್ದದ್ದೇ ಕಾರಣ ಎಂದು ಬರೆದಾಗಿತ್ತು. ಮರುದಿನ ಸಂಜೆ ಅಧಿಕಾರಿಗಳು ಬಂದು ಆ ಸಾಲನ್ನು ಅಪಾಯದ ಜಾಗವೆಂದು ಸಾರುವವರಿದ್ದರು. ಎಲ್ಲರೂ ಖಾಲಿ ಮಾಡಬೇಕು.

"ದಿಬ್ಬ ಅವರನ್ನ ಕೊಂದಿದ್ರ ನಾನೂ ಗಂಟು ಕಟ್ಟತೀನ್ರಿ," ಎಂದಳು ಸೇವಂತಿ. "ಆದ್ರ ಅವರು ಕಟ್ಟಿ ಹಾಕಿದ ದಿಬ್ಬ ಅವರ ಮ್ಯಾಲೇ ಬೀಳತೈತೇನು? ಅವರ ಸಾವು ತೋರಿಸಿ ನಮ್ಮನ್ನ ಎಬ್ಬಸತಾರಂದ್ರ ನಾ ಹ್ಯಾಂಗ ತಡಕೊಳ್ಳಲಿ?"

ಟೀಚರ್ ಅಂಗಿಯನ್ನು ಮಡಚಿ ಅವಳ ಮಡಿಲಲ್ಲಿಟ್ಟರು. ನಾನು ಅವಳಿಗೆ ಊಟಕ್ಕೆ ಹಾಕಿದೆ. ಅವಳು ತುತ್ತು ಬಾಯಿಗಿಡುವ ಮೊದಲು ಬೆರಳಿನಿಂದ ಅನ್ನವನ್ನು ಕೆದಕಿ ನೋಡಿದಳು. ಮರಳಿದೆಯೇನೋ ಎಂದು.

ಮರುದಿನ ಘಾಟ್ಕೋಪರಿನಲ್ಲಿ ಮೆಟ್ರೊ, ಅಂಧೇರಿಯಲ್ಲಿ ಲೋಕಲ್, ಮಲಾಡಿನಲ್ಲಿ ಬಸ್ಸು, ಆಮೇಲೆ ದೋಣಿ. ದಾರಿಯುದ್ದಕ್ಕೂ ಟೀಚರ್ ನನಗೆ ಪಾಠ ಹೇಳಿದರು.

"ದಿಬ್ಬ ಬೀಳೂದಿಲ್ಲ ವಂದನಾ, ನಡೀತೈತಿ. ಸಮುದ್ರದ ಕಡೆಯಿಂದ ಗಾಳಿ ಸಣ್ಣ ಮರಳನ್ನ ಎತ್ತಿ ನೆತ್ತಿ ಮ್ಯಾಲಿಂದ ಈ ಕಡೆ ಇಳಸತೈತಿ. ಕಣ ಕಣ. ಬಳ್ಳಿ ಅದರ ಕಾಲಿಗೆ ಕಟ್ಟಿದ ಹಗ್ಗ. ಹಗ್ಗ ಹರಿದ್ರ ನಡಿಗಿ ಜೋರಾಗತೈತಿ."

ಸಾಲಿನ ಮುಂದೆ ನಮಗೆ ಮೊದಲು ಸಿಕ್ಕವನು ಜಾಗದ ಮಾಲೀಕ ರೋಶನ್. ಸೇವಂತಿಗೆ ಅನುಮಾನವಿದ್ದದ್ದು ಅವನ ಮೇಲೆಯೇ. ಜಾಗ ಖಾಲಿಯಾದರೆ ಲಾಭ ಅವನದು, ಖಾಲಿ ಮಾಡಿರೆಂದು ಕೂಗಾಡಿದ್ದವನೂ ಅವನೇ. ದಪ್ಪ ಮೈ, ಕುತ್ತಿಗೆಯಲ್ಲಿ ಶಿಲುಬೆಯ ಸರ.

"ನಾನು ಓಡಿಸಬೇಕೇ ಮ್ಯಾಡಮ್?" ಎಂದ ಹಿಂದಿಯಲ್ಲಿ. "ನನ್ನ ಅಜ್ಜನ ತೆಂಗಿನ ತೋಟ ಆ ದಿಬ್ಬದ ಅಡಿಯಲ್ಲಿದೆ. ಕಾಯಿ ಬೇಕಾದರೆ ಬಾವಿ ತೋಡಿದ ಹಾಗೆ ತೋಡಬೇಕು. ಈ ಜಾಗ ಕೊಳ್ಳುವವರೇ ಇಲ್ಲ. ನೀವು ತೊಗೊಳ್ತೀರಾ?"

"ಬಂಡೆಪ್ಪನನ್ನು ತೆಗೆಯುವಾಗ ನೀವಿದ್ದಿರಾ?"

"ಇದ್ದೆ. ಈರಣ್ಣ ಸಲಿಕೆ ಹಿಡಿದು ಹುಚ್ಚನ ಹಾಗೆ ಅಗೆಯುತ್ತಿದ್ದ. ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದ. ಕೆಂಪಗೆ ರಕ್ತ. ನಾನು ಸಲಿಕೆ ಕೊಡು ಎಂದರೂ ಕೊಡಲಿಲ್ಲ."

ಟೀಚರ್ ತಲೆಯಾಡಿಸಿ ತುದಿಯ ಖೋಲಿಗೆ ನಡೆದರು. ಬಂಡೆಪ್ಪ ಅಲ್ಲಿ ಗುದ್ದಲಿ, ಬುಟ್ಟಿ ಇಡುತ್ತಿದ್ದ. ಹೊರತೆಗೆದ ಮರಳು ಬಾಗಿಲ ಮುಂದೆ ಗುಡ್ಡೆಯಾಗಿತ್ತು. ಖೋಲಿಯೊಳಗೆ ಗುದ್ದಲಿ, ಬುಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಚೊಂಬು ಕೂಡ ಇರಲಿಲ್ಲ. ಮಾಡಿನ ಒಂದು ತಗಡು ಕಿತ್ತುಬಂದಿತ್ತು. ಅದರ ಅಂಚು ಆಕಾಶದ ಕಡೆ ಮಡಚಿಕೊಂಡಿತ್ತು.

ಹಿಂದೆ ಹೋಗಿ ನೋಡಿದರೆ ದಿಬ್ಬದ ಇಳಿಜಾರು ಖೋಲಿಯ ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಬಂಡೆಪ್ಪ ನಾಟಿದ ಬಳ್ಳಿ ಹಬ್ಬಿತ್ತು. ಒಂದು ಎಳೆಯೂ ತುಂಡಾಗಿರಲಿಲ್ಲ. ಹೂ ಬಿಟ್ಟಿತ್ತು.

"ಎಷ್ಟು ಚಂದ ಬೆಳಸ್ಯಾನ," ಎಂದರು ಟೀಚರ್. ಅವರ ದನಿಯಲ್ಲಿ ಮೆಚ್ಚಿಗೆಗಿಂತ ಸಿಟ್ಟೇ ಹೆಚ್ಚಿತ್ತು. ಬಳ್ಳಿಯ ನಡುವಿನಿಂದ ಒಂದು ಹಿಡಿ ಮರಳು ತೆಗೆದು ನನ್ನ ಅಂಗೈಗೆ ಹಾಕಿದರು. "ಊದು."

ಊದಿದೆ. ಹಿಟ್ಟಿನ ಹಾಗೆ ಹಾರಿಹೋಯಿತು. ಬಾಗಿಲ ಮುಂದಿನ ಗುಡ್ಡೆಯಿಂದ ಇನ್ನೊಂದು ಹಿಡಿ ಹಾಕಿದರು. ಊದಿದರೂ ಅರ್ಧ ಅಂಗೈಯಲ್ಲೇ ಉಳಿಯಿತು. ದಪ್ಪ ಕಣ, ಚಿಪ್ಪಿನ ಚೂರು. ನನ್ನ ಊಟದ ಮೇಜಿನ ಮೇಲೆ ಉದುರಿದ್ದಂಥವೇ.

ನೆತ್ತಿ ಹತ್ತಿ ಸಮುದ್ರದ ಮಗ್ಗುಲಿಗೆ ಇಳಿದೆವು. ಅಲ್ಲಿ ಗಾಳಿಮರಗಳ ಮರೆಯಲ್ಲಿ ದಿಬ್ಬದ ಪಾದವನ್ನು ಯಾರೋ ಕಚ್ಚಿ ತಿಂದ ಹಾಗಿತ್ತು. ದೊಡ್ಡ ಗುಂಡಿ, ಒಳಕ್ಕೆ ಕೊರೆದ ಗೋಡೆ, ಮೇಲೆ ಜೋತುಬಿದ್ದ ಬಳ್ಳಿಯ ಬೇರು. ಗೋಡೆಯ ಒಂದು ಭಾಗ ಈಚೆಗೆ ಕುಸಿದಿತ್ತು. ತಳದ ಮರಳು ಒದ್ದೆ. ತುಂಬ ಚಿಪ್ಪು.

ದಂಡೆಯಲ್ಲಿ ಸ್ವಲ್ಪ ಆಚೆ ಬಂಗಲೆಗಳು ಏಳುತ್ತಿದ್ದವು. ಅಲ್ಲಿಯ ಸೂಪರ್‌ವೈಸರ್ ಅನಿಕೇತ್ ನಮ್ಮನ್ನು ಕಂಡು ಓಡಿಬಂದ. ಇಸ್ತ್ರಿ ಮಾಡಿದ ಅಂಗಿ, ಹೆಲ್ಮೆಟ್ಟು.

"ಈ ಮರಳು ಎಲ್ಲಿಂದ?" ಎಂದು ಟೀಚರ್ ಮರಾಠಿಯಲ್ಲಿ ಬಂಗಲೆಯ ಪಾಯ ತೋರಿಸಿ ಕೇಳಿದರು.

"ಮುಕಾದಮ ತರುತ್ತಾನೆ, ನಮ್ಮ ಕೂಲಿಯಾಳುಗಳ ಮೇಸ್ತ್ರಿ. ಎಲ್ಲಿಂದ ಅಂತ ನಾನು ಕೇಳುವುದಿಲ್ಲ."

"ಮುಕಾದಮ ಯಾರು?"

"ಈರಣ್ಣ. ಟ್ರ್ಯಾಕ್ಟರೂ ಅವನೇ ಓಡಿಸುತ್ತಾನೆ. ಯಾಕೆ?"

ಟೀಚರ್ ದೂರ ಹೋಗಿ ತಮಗೆ ಪರಿಚಯವಿದ್ದ ಪೊಲೀಸ್ ಇನ್‌ಸ್ಪೆಕ್ಟರ್ ಶುಭಾಂಗಿಗೆ ಫೋನ್ ಮಾಡಿದರು. ಆಮೇಲೆ ಮರಳಿನ ಮೇಲೆ ಕುಳಿತು ಬಹಳ ಹೊತ್ತು ಸಮುದ್ರ ನೋಡಿದರು. "ಗೊತ್ತಾಯಿತೇ?" ಎಂದೆ. "ಗೊತ್ತಾತು," ಎಂದರು. "ಆ ಹುಡುಗಿ ನನ್ನ ಹತ್ರ ಬರಬಾರದಿತ್ತು ವಂದನಾ."

ಸಂಜೆ ಸಾಲಿನ ಮುಂದಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಅಧಿಕಾರಿಗಳು ಕುರ್ಚಿಯಲ್ಲಿ, ಸಾಲಿನವರು ನೆಲದಲ್ಲಿ. ರೋಶನ್ ಗಾಳಿಮರಕ್ಕೆ ಒರಗಿ ನಿಂತಿದ್ದ. ಅನಿಕೇತ್ ಮೊಬೈಲ್ ನೋಡುತ್ತಿದ್ದ. ಈರಣ್ಣ ತಂಗಿಯ ಪಕ್ಕದಲ್ಲಿ ಕುಳಿತಿದ್ದ. ಎತ್ತರದ ಆಳು, ಬೆರಳುಗಳಿಗೆ ಪಟ್ಟಿ. ತಂಗಿಯ ಮಗು ಅವನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಶುಭಾಂಗಿ ಬಂದು ಹಿಂದೆ ನಿಂತರು.

ಟೀಚರ್ ಎದ್ದರು. ತರಗತಿಯಲ್ಲಿ ನಿಂತ ಹಾಗೆ ನಿಂತರು. ಮೊದಲು ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳುತ್ತ ಹೋದರು.

"ಬಂಡೆಪ್ಪ ಈ ಖೋಲಿಯೊಳಗ ಸತ್ತಿಲ್ಲ. ದಿಬ್ಬ ಜರಗಿ ಒಳಗ ಬಂದಿದ್ರ ಹಿಂದಿನ ಬಳ್ಳಿ ಹರಿದು ಚಿಂದಿ ಆಗಬೇಕಿತ್ತು. ಹೋಗಿ ನೋಡ್ರಿ, ಹೂ ಬಿಟ್ಟೈತಿ. ಮ್ಯಾಲಿಂದ ಭಾರ ಬಿದ್ದಿದ್ರ ತಗಡು ಒಳಗ ಬಗ್ಗಬೇಕಿತ್ತು. ಅದು ಮ್ಯಾಲಕ್ಕ ಮಡಚೈತಿ, ಯಾರೋ ಹತ್ತಿ ಕಿತ್ಯಾರ. ಇನ್ನ ಒಳಗ ತುಂಬಿದ ಉಸುಕು. ಗಾಳಿ ಸಣ್ಣ ಉಸುಕನ್ನ ತರತೈತಿ. ಚಿಪ್ಪು ಹೊರೂದಿಲ್ಲ. ಬಂಡೆಪ್ಪನ ಜೇಬಿನ್ಯಾಗೂ ಚಿಪ್ಪಿತ್ತು, ಖೋಲಿಯೊಳಗೂ ಚಿಪ್ಪಿತ್ತು. ಅದು ದಿಬ್ಬದ ಆಚೆ ಮಗ್ಗಲಿನ ಗುಂಡಿಯ ಉಸುಕು. ಅವನು ಬಳ್ಳಿ ತರಾಕ ಹೋಗಿದ್ದೂ ಆ ಕಡೀಗೇ. ಅಲ್ಲಿ ಗೋಡಿ ಕುಸಿದು ಅವನ ಮ್ಯಾಲೆ ಬಿದ್ದೈತಿ. ಆಮೇಲೆ ನೀವೆಲ್ಲಾ ಖಾಡಿ ಕಡೆ ಹುಡುಕಾಕ ಹೋದಾಗ ಯಾರೋ ಅವನನ್ನ ಟ್ರಾಲಿಯೊಳಗ ಹಾಕಿ ಇಲ್ಲಿಗೆ ತಂದು, ಅದೇ ಉಸುಕು ಸುರುವ್ಯಾರ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ರೋಶನ್‌ನ ಕೆಲಸಾನೇ ಇದು!" ಎಂದು ಯಾರೋ ಕೂಗಿದರು. ರೋಶನ್ ಎದೆಯ ಮೇಲಿನ ಶಿಲುಬೆ ಹಿಡಿದುಕೊಂಡ.

"ಅಲ್ಲ," ಎಂದರು ಟೀಚರ್. "ರೋಶನ್ ಆಗಲಿ ಅನಿಕೇತ್ ಆಗಲಿ ಹೆಣ ಮುಚ್ಚಿದ್ರ ಮಲಗಿಸಿ ಮುಚ್ಚತಿದ್ರು. ಬಂಡೆಪ್ಪ ಕುಂತಿದ್ದ. ಎಡಗೈಯಾಗ ಲಿಂಗ, ಹಣಿಗೆ ಇಭೂತಿ. ಪೂಜಿ ಮಾಡುವಾಗ ಸತ್ತ ಅಂದ್ರಿ ನೀವೆಲ್ಲಾ. ಪೂಜಿ ಮುಗಿಸಿ ಉಂಡು ಹೋದವನು ಜಳಕ ಇಲ್ಲದ, ಚೊಂಬು ನೀರಿಲ್ಲದ, ಗುದ್ದಲಿ ಇಡೂ ಖೋಲ್ಯಾಗ ಮತ್ತ ಪೂಜಿಗೆ ಕುಂಡ್ರತಾನೇನು? ನಮ್ಮ ಮಂದಿ ಕೈಯಾಗ ಲಿಂಗ ಕೊಟ್ಟು ಕುಂಡ್ರಿಸೂದು ಇನ್ನೊಂದು ಹೊತ್ತಿಗೆ."

ಸೇವಂತಿ ತಲೆ ಎತ್ತಿದಳು. ಅವಳ ಮುಖ ನಿಧಾನವಾಗಿ ಬದಲಾಗುತ್ತಿದ್ದುದನ್ನು ನಾನು ಕಂಡೆ. ಎದ್ದು ಹೋಗಿ ಅವಳ ಬೆನ್ನ ಹಿಂದೆ ಕುಳಿತೆ.

"ಅದು ಪೂಜಿ ಅಲ್ಲ, ಸಮಾಧಿ. ಮುಚ್ಚಿ ಹಾಕಾಕ ತಂದವನಿಗೆ ಅವನನ್ನ ನಾಯಿ ಹೂಳಿದಂಗ ಹೂಳಾಕ ಮನಸಾಗಲಿಲ್ಲ. ಕಾಲು ಮಡಚಿ ಕುಂಡ್ರಿಸಿದ. ತನ್ನ ಹತ್ರ ಇದ್ದ ಇಭೂತಿ ಹಚ್ಚಿದ. ಈ ಸಾಲಿನೊಳಗ ಹಂಗ ಮಾಡಾಕ ಗೊತ್ತಿದ್ದವರು ಎರಡೇ ಮನಿಯವರು." ಟೀಚರ್ ತಿರುಗಿದರು. "ಈರಣ್ಣಾ, ನಿನ್ನ ಉಗುರು ಯಾವಾಗ ಕಿತ್ತವು? ಖೋಲ್ಯಾಗ ನೀ ಸಲಿಕಿಲೆ ಅಗದಿ. ಆಗಲೇ ನಿನ್ನ ಬೆರಳಿಗೆ ಬಟ್ಟಿ ಇತ್ತು, ರಕ್ತ ಇತ್ತು. ರೋಶನ್ ನೋಡ್ಯಾನ. ಕೈಲೆ ಅಗದಿದ್ದು ಬ್ಯಾರೆ ಕಡೆ. ಮತ್ತ ಹಿಡಿಮಣ್ಣು ಯಾಕ ಹಾಕಲಿಲ್ಲ? ಒಮ್ಮೆ ಹಾಕಿದ್ದಿ. ಎರಡನೇ ಸಲ ಕೈ ಏಳಲಿಲ್ಲ."

ಈರಣ್ಣ ಮಗುವನ್ನು ಮೆಲ್ಲಗೆ ತೊಡೆಯಿಂದ ಎತ್ತಿ ತಂಗಿಯ ಮಡಿಲಿಗೆ ಇಟ್ಟ. ಓಡಲಿಲ್ಲ. ಅವನು ಓಡಬಹುದೆಂದು ಮುಂದೆ ಬಂದಿದ್ದ ಶುಭಾಂಗಿ ಹಾಗೇ ನಿಂತರು.

"ನಾ ಕೊಲ್ಲಲಿಲ್ಲ," ಎಂದ. "ಅವ ಗುಂಡ್ಯಾಗ ಇಳಿದು ಗೋಡಿ ಬುಡಕ್ಕ ಕುಂತುಬಿಟ್ಟ. 'ನಾ ಈ ಕಡೆ ಬಳ್ಳಿ ಹಚ್ಚತೀನಿ, ನೀ ಆ ಕಡೆ ಬುಡ ತಿಂತಿ. ಅಗಿ ನೋಡೂಣು' ಅಂದ. ಏಳೋ ಅಂದೆ. ಏಳಲಿಲ್ಲ. ನನಗ ಸಿಟ್ಟು ಬಂತು. ಹೆದರಸಾಕ ಅವನ ತಲಿ ಮ್ಯಾಲಿನ ಗೋಡಿಗೆ ಗುದ್ದಲಿ ಹಾಕಿದೆ. ಪೂರಾ ಬಿತ್ತು."

"ಯಾಕ ತೆಗಿತಿದ್ದಿ ಉಸುಕು?" ಟೀಚರ್ ಕೇಳಿದರು.

"ನಮ್ಮ ಸಲುವಾಗೇ!" ಅವನು ಮೊದಲ ಸಲ ಕೂಗಿ ಅನಿಕೇತ್ ಕಡೆ ಕೈ ಮಾಡಿದ. "ಈ ಸಾಯೇಬ ಹೇಳಿದ್ದ. ಬಂಗಲಿ ಹಿಂದ ಜಾಗ ಎತ್ತರ ಮಾಡಿ ಕೊಡತೀವಿ, ನಿಮ್ಮ ಸಾಲಿಗೆ ಅಲ್ಲಿ ಪಕ್ಕಾ ಖೋಲಿ ಕಟ್ಟಸತೀವಿ, ಪಾಯಕ್ಕ ಉಸುಕು ನೀ ತಂದು ಹಾಕು ಅಂತ. ದಿಬ್ಬ ಬರಾಕಹತ್ತೈತಿ, ನಾವು ಎಲ್ಲಿಗೆ ಹೋಗೂದು? ಅದಕ್ಕ ತಂದೆ."

"ನೀ ಬುಡ ತೆಗದದ್ದಕ್ಕೇ ದಿಬ್ಬ ಬರಾಕಹತ್ತಿತ್ತೋ ತಮ್ಮಾ," ಎಂದರು ಟೀಚರ್.

ಅನಿಕೇತ್ ಮೊಬೈಲ್ ಜೇಬಿಗಿಟ್ಟು, "ನಾನು ಯಾರಿಗೂ ಏನೂ ಬರೆದುಕೊಟ್ಟಿಲ್ಲ," ಎಂದ. ಅದು ನಿಜವೇ ಆಗಿತ್ತು.

ಸೇವಂತಿ ಅಣ್ಣನನ್ನೇ ನೋಡುತ್ತಿದ್ದಳು. ಅವಳು ಬಯ್ಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

"ಅಗದೆನವ್ವಾ," ಎಂದ ಈರಣ್ಣ ಪಟ್ಟಿ ಸುತ್ತಿದ ಕೈ ಚಾಚಿ. "ಉಗುರು ಕೀಳೂ ತನಕ ಅಗದೆ. ತಗದಷ್ಟೂ ಬೀಳತಿತ್ತು."

"ಒಬ್ಬನೇ?"

ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ನಾ ದಿಬ್ಬದ ಈ ಕಡೆ ಬಾಂಡೆ ತಿಕ್ಕಾಕ ಹತ್ತಿದ್ದೆ ಅಣ್ಣಾ," ಎಂದಳು ಸೇವಂತಿ. "ಸಾಲಿನ ಮಂದಿ ಎಲ್ಲಾ ಇದ್ರು. ಒಂದ ಸಲ ಕೂಗಿದ್ರ ಕೇಳತಿತ್ತು. ಎಲ್ಲಾರ ಕೈ ಸೇರಿದ್ರ..." ಮಡಿಲಿನ ಮಗುವನ್ನು ಹತ್ತಿರಕ್ಕೆಳೆದುಕೊಂಡು ಕೇಳಿದಳು. "ಗುಂಡಿ ಕಾಣತೈತಿ ಅಂತ ಕೂಗಲಿಲ್ಲೇನು?"

ಈರಣ್ಣ ನೆಲದಿಂದ ಒಂದು ಹಿಡಿ ಮರಳು ಎತ್ತಿ ಬೆರಳ ಸಂದಿನಿಂದ ಜಾರಲು ಬಿಟ್ಟ. ಶುಭಾಂಗಿ ಅವನ ತೋಳು ಹಿಡಿದರು. ಅವನು ಅವರ ಜೊತೆ ಸಾಲು ದಾಟಿ ಹೋದ. ಮಗು ಎಚ್ಚರವಾಗಿ ಮಾಮನನ್ನು ಕೇಳಿ ಅತ್ತಿತು. ನಾನು ಎತ್ತಿಕೊಂಡೆ. ಅದರ ಕೂದಲ ತುಂಬ ಮರಳಿತ್ತು.

ಇಷ್ಟಾದ ಮೇಲೆ ಸಾಲು ಉಳಿಯುತ್ತದೆಂದು ನಾನು ನಂಬಿದ್ದೆ. ದಿಬ್ಬ ಕೊಲ್ಲಲಿಲ್ಲವೆಂದು ಸಾಬೀತಾಗಿತ್ತಲ್ಲ. ಅಧಿಕಾರಿಗಳು ಹೋಗಿ ಗುಂಡಿಯನ್ನು ನೋಡಿ ಬಂದರು. ಬುಡ ಕೊರೆದ ದಿಬ್ಬ ಮೊದಲಿಗಿಂತ ಅಪಾಯ ಎಂದರು. ಮಳೆಗಾಲಕ್ಕೆ ಮುಂಚೆ ಖೋಲಿಗಳನ್ನು ಕೆಡವಲಾಯಿತು. ಟ್ರ್ಯಾಕ್ಟರು ಈರಣ್ಣನ ಹೆಸರಿನಲ್ಲಿತ್ತು, ಹಾಗಾಗಿ ಮರಳು ಕದ್ದವನೂ ಅವನೊಬ್ಬನೇ ಆದ. ಬಂಗಲೆಗಳಿಗೆ ಬಣ್ಣ ಬಳಿದರು.

ಟೀಚರ್ ಆ ಪ್ರಕರಣದ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಒಮ್ಮೆ ಮಾತ್ರ, ಚಹಾ ಆರುತ್ತಿರುವಾಗ, "ಪತ್ತೆ ಹಚ್ಚಿ ಏನ್ ಕೊಟ್ಟೆ ಆ ಹುಡುಗಿಗೆ?" ಎಂದರು. "ಗಂಡ ಪುಣ್ಯವಂತನ ಸಾವು ಸತ್ತ ಅಂತ ಇತ್ತು. ಅದನ್ನೂ ಕಸಗೊಂಡೆ."

ದೀಪಾವಳಿಯ ಹೊತ್ತಿಗೆ ಸೇವಂತಿ ವಿಕ್ರೋಳಿಯಲ್ಲಿ ಒಂದು ಬಿಲ್ಡಿಂಗಿನ ಕೆಲಸಕ್ಕೆ ಸೇರಿದ್ದಾಳೆಂದು ತಿಳಿಯಿತು. ಕರಜಿಕಾಯಿ ಕಟ್ಟಿಕೊಂಡು ನಾವಿಬ್ಬರೂ ಹೋದೆವು. ಸೈಟಿನ ಒಂದು ಮೂಲೆಯಲ್ಲಿ ಅವಳು ಮರಳು ಸೋಸುತ್ತಿದ್ದಳು. ಎದುರಿಗೆ ಆಗಷ್ಟೇ ಲಾರಿ ಸುರಿದು ಹೋದ ಗುಡ್ಡೆ. ಮಗು ಸಿಮೆಂಟಿನ ಚೀಲದ ಮೇಲೆ ಕುಳಿತು ಆಡುತ್ತಿತ್ತು.

ನಮ್ಮನ್ನು ಕಂಡು ನಕ್ಕಳು. "ಬರ‍್ರಿ ಟೀಚರ್, ಬರ‍್ರಿ ಅಕ್ಕಾ. ಕುಂಡ್ರಾಕ ಏನೂ ಇಲ್ಲ ನೋಡ್ರಿ."

"ಅಣ್ಣನ್ನ ನೋಡಾಕ ಹೋಗಿದ್ದೇನು?" ಎಂದು ಟೀಚರ್ ಕೇಳಿದರು.

"ಹೋಗಿದ್ದೆ. ರೊಟ್ಟಿ ಕೊಟ್ಟು ಬಂದೆ. ಮಾತಾಡಲಿಲ್ಲ."

ಅವಳು ಜರಡಿ ಆಡಿಸಿದಳು. ಸಣ್ಣದೆಲ್ಲ ಕೆಳಗಿಳಿಯಿತು. ಜರಡಿಯ ಮೇಲೆ ಒಂದಿಷ್ಟು ಕಲ್ಲು ಉಳಿದವು. ಅವುಗಳ ನಡುವೆ ಬೆಳ್ಳಗೆ ಚಿಪ್ಪಿನ ಚೂರುಗಳು. ಸೇವಂತಿ ಅವನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಹಾಕಿಕೊಂಡಳು. ಅಲ್ಲಿ ಆಗಲೇ ಒಂದು ಗಂಟಿತ್ತು.

ಟೀಚರ್ ಆ ಗಂಟನ್ನು ನೋಡಿದರು, ಗುಡ್ಡೆಯನ್ನು ನೋಡಿದರು.

"ಈಗ ಯಾರ ತರಾಕಹತ್ಯಾರ?" ಎಂದರು.

"ಯಾರೋ ತರತಾರ್ರಿ," ಎಂದಳು ಸೇವಂತಿ, ಇನ್ನೊಂದು ಬುಟ್ಟಿ ಮರಳನ್ನು ಜರಡಿಗೆ ಸುರಿಯುತ್ತ. "ಈರಣ್ಣ ಇಲ್ಲಂದ್ರ ಇನ್ನೊಬ್ಬ."